ಹರಟೆ ಸಾಹೇಬರ ಅಂಗಿಯೊಳಗೆ

ಹುಲಿಯಪ್ಪ ಹಲಸಿನ ಹಣ್ಣು ತಿನ್ನದೇ ಇದ್ದಿದ್ದರೆ ಹೊನ್ನಯ್ಯನಿಗೆ ಆ ದಿನ ಏನೂ ಆಗುತ್ತಿರಲಿಲ್ಲ. ತಿಂದರೂ ನಾಲ್ಕು ತೊಳೆ ತಿಂದು ಕೈ ತೊಳೆದುಕೊಂಡಿದ್ದರೆ ಚಿಂತೆಯಿರಲಿಲ್ಲ. ಆದರೆ ಹುಲಿಯಪ್ಪ ಗರಡಿಯ ಆಳು. ಪಂದ್ಯ ಕಟ್ಟಿ ಇಡೀ ಹಣ್ಣನ್ನೇ ಮುಗಿಸಿದ್ದ. ಬೆಳಿಗ್ಗೆ ಅವನ ತಾಯಿ ಹಾಲಮ್ಮ ಶೆಡ್ಡಿನ ಬಾಗಿಲಿಗೆ ಬಂದು ನಿಂತಳು.

"ದುಭಾಷಿಗಳೇ, ನನ್ ಮಗ ಇವತ್ತು ಬರಕ್ಕಾಗಲ್ಲ. ಹಿತ್ಲಿಗೂ ಜಗಲಿಗೂ ಓಡಾಡಿ ಓಡಾಡಿ ಅರ್ಧ ಜೀವ ಆಗೋಗಿದಾನೆ. ದೊರೆಗಳಿಗೆ ನೀವೇ ಇಂಗ್ಲೀಷಲ್ಲಿ ಚಂದಾಗಿ ಹೇಳ್ಬಿಡಿ."

ಹಿತ್ತಿಲಿಗೆ ಓಡಾಡುವುದನ್ನು ಇಂಗ್ಲೀಷಿನಲ್ಲಿ ಚಂದವಾಗಿ ಹೇಗೆ ಹೇಳುವುದೆಂದು ಯೋಚಿಸುತ್ತ ಹೊನ್ನಯ್ಯ ಒಳಗೆ ಹೋದ.

ಜಪಾನಿನವರು ಬರ್ಮಾದವರೆಗೆ ಬಂದು ಕೂತಿದ್ದ ಕಾಲ ಅದು. ಅವರು ವಿಷದ ಗಾಳಿ ಬಿಟ್ಟರೆ ನಮ್ಮ ಸಿಪಾಯಿಗಳ ಗತಿಯೇನು ಎಂದು ಮಿಲಿಟರಿಯವರಿಗೆ ಚಿಂತೆ ಹತ್ತಿತ್ತು. ಗಾಳಿ ಹೊಗದ ಅಂಗಿಯೊಂದನ್ನು ಹೊಲಿಸಿದ್ದರು. ಆದರೆ ಈ ಸೀಮೆಯ ಸೆಕೆಯಲ್ಲಿ ಅದನ್ನು ಹಾಕಿಕೊಂಡವನು ಎಷ್ಟು ದೂರ ನಡೆದಾನು, ಎಷ್ಟು ಭಾರ ಎತ್ತಿಯಾನು, ಅವನ ಬುದ್ಧಿ ಎಷ್ಟು ಹೊತ್ತು ನೆಟ್ಟಗಿದ್ದೀತು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅದನ್ನು ತಿಳಿಯಲೆಂದೇ ಕ್ಯಾಪ್ಟನ್ ಹಾರ್ಟ್ಲಿ ಎಂಬ ಡಾಕ್ಟರು ಭದ್ರಾವತಿಗೆ ಬಂದು, ಕಬ್ಬಿಣದ ಕಾರ್ಖಾನೆಯ ಹತ್ತಿರ ಹಾಳುಬಿದ್ದಿದ್ದ ಇದ್ದಿಲು ಶೆಡ್ಡೊಂದರಲ್ಲಿ ಪರೀಕ್ಷಾಲಯ ತೆರೆದಿದ್ದರು. ಊರವರ ಬಾಯಲ್ಲಿ ಹಾರ್ಟ್ಲಿ ಸಾಹೇಬರು ಹರಟೆ ಸಾಹೇಬರಾದರು. ಆ ಮನುಷ್ಯ ಮಾತ್ರ ಇಡೀ ದಿನಕ್ಕೆ ಹಿಡಿಯಷ್ಟು ಮಾತೂ ಆಡುವವರಲ್ಲ.

ಸಾಹೇಬರ ಮಾತನ್ನು ಕನ್ನಡಕ್ಕೆ, ದಿನಾ ಆ ಅಂಗಿ ತೊಡುವ ಹುಲಿಯಪ್ಪನ ನರಳಾಟವನ್ನು ಇಂಗ್ಲೀಷಿಗೆ ತಿರುಗಿಸುವುದು ಹೊನ್ನಯ್ಯನ ಕೆಲಸ. ಶಿವಮೊಗ್ಗದ ಕಚೇರಿಯಲ್ಲಿ ಗುಮಾಸ್ತನಾಗಿ ನೆಮ್ಮದಿಯಾಗಿದ್ದವನನ್ನು, ಇಂಗ್ಲೀಷ್ ಬರುತ್ತದೆ ಎಂಬ ಒಂದೇ ತಪ್ಪಿಗೆ ಇಲ್ಲಿಗೆ ಕಳಿಸಿದ್ದರು. ಹೆಂಡತಿ ಪುಟ್ಟಲಕ್ಷ್ಮಿ, ಮಕ್ಕಳು ಅಲ್ಲಿ. ಇವನು ಇಲ್ಲಿ ಮಾಸ್ತಮ್ಮ ಎಂಬಾಕೆಯ ಮನೆಯ ಹೊರಕೋಣೆಯಲ್ಲಿ. ಬೆಳಿಗ್ಗೆ ಹಲ್ಲುಜ್ಜುವಾಗ ಶುರುವಾದ ಮಾಸ್ತಮ್ಮನ ವಿಚಾರಣೆ ರಾತ್ರಿ ಇವನು ಗೊರಕೆ ಹೊಡೆದರೂ ನಿಲ್ಲುತ್ತಿರಲಿಲ್ಲ. ಶನಿವಾರದ ರೈಲಿಗೆ ಓಡುವುದು, ಭಾನುವಾರದ ರೈಲಿಗೆ ಮರಳುವುದು, ನಡುವೆ ಮಕ್ಕಳು 'ಯಾರೋ ಬಂದ್ರು' ಎಂಬಂತೆ ನೋಡುವುದು. ಇಷ್ಟರಲ್ಲೇ ಹೊನ್ನಯ್ಯ ಹೆಗಲಿಳಿದ ಎತ್ತಿನಂತಾಗಿದ್ದ. ಶಿವಮೊಗ್ಗಕ್ಕೆ ವರ್ಗ ಮಾಡಿಕೊಡಿ ಎಂದು ಸಾಹೇಬರನ್ನು ಬೇಡಿ ಬೇಡಿ ನಾಲಿಗೆ ಸವೆದಿತ್ತು.

ಹುಲಿಯಪ್ಪನ ಸುದ್ದಿ ಕೇಳಿ ಸಾಹೇಬರು ದರ್ಜಿ ಬಟ್ಟೆ ನೋಡುವಂತೆ ಹೊನ್ನಯ್ಯನನ್ನು ಮೇಲಿಂದ ಕೆಳಗೆ ನೋಡಿದರು.

"ನಿನಗೂ ಎರಡು ಕಾಲಿವೆಯಲ್ಲ?" ಎಂದರು.

"ಇವೆ ಸಾರ್. ಆದರೆ ಅವು ಅಷ್ಟು..."

"ಇವತ್ತಿನ ಪರೀಕ್ಷೆ ಮುಗಿಸಿಕೊಡು. ಸಂಜೆ ನಿನ್ನ ವರ್ಗಕ್ಕೆ ಸಹಿ ಹಾಕುತ್ತೇನೆ."

ಹೊನ್ನಯ್ಯ ತನ್ನ ಅಂಗಿಯ ಗುಂಡಿ ಬಿಚ್ಚತೊಡಗಿದ.

ಮೊದಲು ಅವನನ್ನು ಅಡಿಕೆ ಮೂಟೆ ತೂಗುವ ತಕ್ಕಡಿಯ ಮೇಲೆ ಕೂರಿಸಿ ತೂಗಿದರು. ಸಂಜೆ ಮತ್ತೊಮ್ಮೆ ತೂಗಿದರೆ ಬೆವರು ಎಷ್ಟು ಹೋಯಿತೆಂದು ತಿಳಿಯುತ್ತದೆ. ಆಮೇಲೆ ಅಂಗಿ ಬಂತು. ಅಗಸೆ ಎಣ್ಣೆಯ ನಾತ ಹೊಡೆಯುವ ದಪ್ಪ ಬಟ್ಟೆ. ಹುಲಿಯಪ್ಪನ ಅಳತೆಗೆ ಹೊಲಿದದ್ದಾದ್ದರಿಂದ ಅದರೊಳಗೆ ಹೊನ್ನಯ್ಯನ ಜೊತೆ ಇನ್ನೊಬ್ಬ ಹೊನ್ನಯ್ಯ ಸಂಸಾರ ಹೂಡಬಹುದಿತ್ತು. ಕೈಗೆ ರಬ್ಬರಿನ ಗವಸು, ಕಾಲಿಗೆ ಮೊಣಕಾಲುದ್ದದ ಬೂಟು. ಕೊನೆಗೆ ಮುಖವಾಡ: ಎರಡು ದುಂಡು ಗಾಜಿನ ಕಣ್ಣು, ಮೂಗಿನ ಜಾಗದಲ್ಲಿ ಆನೆಯ ಸೊಂಡಿಲಿನಂಥ ಕೊಳವೆ. ಅದರ ಪಟ್ಟಿ ಬಿಗಿದು, ಮೇಲೊಂದು ಅರಗಿನ ಮುದ್ರೆ ಒತ್ತಿ ಸಾಹೇಬರು ಹೇಳಿದರು:

"ಸಂಜೆವರೆಗೆ ಈ ಮುದ್ರೆ ಒಡೆಯಕೂಡದು. ಒಡೆದರೆ ಪರೀಕ್ಷೆ ವ್ಯರ್ಥ. ನಾಳೆ ಮೊದಲಿಂದ."

ಪಕ್ಕದ ಕೋಣೆಗೆ ಬಾಯ್ಲರಿನಿಂದ ಹಬೆ ಬಿಟ್ಟು ಬರ್ಮಾದ ಕಾಡಿನ ಸೆಕೆ ತಯಾರಿಸಿದ್ದರು. ಅದರೊಳಗೆ ಹೊನ್ನಯ್ಯ ಮರಳಿನ ಚೀಲ ಹೊತ್ತು ಒಂದು ಪೆಟ್ಟಿಗೆಯ ಮೇಲೆ ಹತ್ತಬೇಕು, ಇಳಿಯಬೇಕು. ಸ್ವಲ್ಪ ಹೊತ್ತಿಗೆ ಇಡ್ಲಿಯ ಕಷ್ಟ ಏನೆಂಬುದು ಅವನಿಗೆ ಮನವರಿಕೆಯಾಯಿತು. ಬೆವರು ಬೆನ್ನಿಂದ ಇಳಿದು ಬೂಟಿನಲ್ಲಿ ನಿಂತು, ಹೆಜ್ಜೆಯಿಟ್ಟಾಗೆಲ್ಲ ಗದ್ದೆ ತುಳಿದಂತೆ ಪಚಕ್ ಪಚಕ್ ಎನ್ನುತ್ತಿತ್ತು.

ಬುದ್ಧಿ ನೆಟ್ಟಗಿದೆಯೇ ನೋಡಲು ಸಾಹೇಬರು ಕಿಟಕಿಯಿಂದ ಲೆಕ್ಕ ಕೇಳಿದರು. "ಹದಿನೇಳು ಮತ್ತು ಒಂಬತ್ತು?"

ಹೊನ್ನಯ್ಯ ಸರಿಯಾಗಿಯೇ ಉತ್ತರ ಹೇಳಿದ. ಸೊಂಡಿಲಿನಿಂದ ಹೊರಬಿದ್ದದ್ದು ಮಾತ್ರ "ಬ್ರೂಂ".

"ಹನ್ನೆರಡರಲ್ಲಿ ನಾಲ್ಕು ಕಳೆದರೆ?"

"ಬ್ರೂಂ."

"ಪಾಪ, ಬುದ್ಧಿ ಇಷ್ಟು ಬೇಗ ಹೋಯಿತು," ಎಂದು ಸಾಹೇಬರು ತಮ್ಮಷ್ಟಕ್ಕೆ ಹೇಳಿಕೊಂಡರು.

ಮಧ್ಯಾಹ್ನದ ಮೇಲೆ ಬಯಲಿನ ಪರೀಕ್ಷೆ. ಭದ್ರಾ ಹೊಳೆಯವರೆಗೆ ನಡೆದು ಹಿಂದಿರುಗಬೇಕು. ಇಷ್ಟು ದಿನ ಎಲ್ಲವೂ ಶೆಡ್ಡಿನೊಳಗೇ ಗುಟ್ಟಾಗಿ ನಡೆದಿತ್ತು. ಹೊರಗೆ ಹೋಗುವುದು ಇದೇ ಮೊದಲು. ಕಾವಲಿಗೆಂದು ಒಬ್ಬ ಹವಾಲ್ದಾರನನ್ನು ಜೊತೆಗೆ ಕಳಿಸಿದರು. ಹವಾಲ್ದಾರ ಅರ್ಧ ದಾರಿಯವರೆಗೆ ಬಂದ. ಅಲ್ಲೊಂದು ಹೊಂಗೆಮರ ಕಂಡಿತು. ಹೊನ್ನಯ್ಯನಿಗೆ 'ಹೋಗು' ಎಂದು ಕೈಯಾಡಿಸಿ, ನೆರಳಿಗೆ ಒರಗಿ, ಟೋಪಿಯನ್ನು ಕಣ್ಣಿಗೆ ಎಳೆದುಕೊಂಡ.

ಹೊಳೆ ಸಿಕ್ಕಿತು. ಕಣ್ಣೆದುರೇ ತಣ್ಣಗೆ ಹರಿಯುವ ನೀರು. ಬೊಗಸೆ ಕುಡಿಯುವಂತಿಲ್ಲ, ಮುಖಕ್ಕೆ ಚಿಮುಕಿಸಿಕೊಳ್ಳುವಂತಿಲ್ಲ. ಮದುವೆ ಮನೆಯಲ್ಲಿ ಉಪವಾಸ ಕೂತವನಂತೆ ಹೊನ್ನಯ್ಯ ಒಂದು ಬಂಡೆಯ ಮೇಲೆ ಕುಸಿದು ನೀರನ್ನೇ ನೋಡತೊಡಗಿದ. ಬಂಡೆಯ ಆಚೆ ಮಗ್ಗುಲಲ್ಲಿ ಮಾಸ್ತಮ್ಮ ಬಟ್ಟೆ ಒಗೆಯುತ್ತಿದ್ದುದು ಅವನಿಗೆ ಕಾಣಲಿಲ್ಲ. ಗಾಜಿನ ತುಂಬ ಉಸಿರಿನ ಮಂಜು.

ಮಾಸ್ತಮ್ಮ ಸೀರೆ ಹಿಂಡುತ್ತ ತಲೆಯೆತ್ತಿದಳು.

ಆ ಕೂಗಿಗೆ ಆಚೆ ದಡದ ಎಮ್ಮೆಗಳೂ ನೀರಿನಿಂದ ಎದ್ದವು. "ಅಯ್ಯಯ್ಯೋ! ಸೊಂಡ್ಲಿನ ದೆವ್ವ! ಬನ್ರೋ, ಯಾರಾದ್ರೂ ಬನ್ರೋ!"

ಮೊದಲು ಬಂದವನು ಮಂಜಪ್ಪ. ಕಾರ್ಖಾನೆಯ ಕೆಲಸಗಾರ, ಮಾಸ್ತಮ್ಮನ ಪಕ್ಕದ ಮನೆಯವನು. ಯುದ್ಧ ಶುರುವಾದ ಮೇಲೆ ವಿಮಾನ ದಾಳಿಗೆ ಕಾವಲಿರುವ ಬೀದಿಯ ವಾರ್ಡನ್ ಬೇರೆ ಆಗಿದ್ದ. ತೋಳಿಗೊಂದು ಪಟ್ಟಿ, ಕೊರಳಲ್ಲೊಂದು ಸೀಟಿ. ಆಕಾಶದಿಂದ ಜಪಾನಿಯೊಬ್ಬ ಇಳಿದಾನೆಂದು ಅವನು ಎರಡನೇ ಪಂಕ್ತಿಗೆ ಕಾದವನಂತೆ ಕಾಯುತ್ತಲೇ ಇದ್ದ.

"ದೆವ್ವ ಅಲ್ಲ ಮಾರಾಯ್ತಿ, ಸರಿಯಾಗ್ ನೋಡು. ಪ್ಯಾರಾಚೂಟಲ್ಲಿ ಇಳಿದಿರೋ ಜಪಾನಿ!" ಎಂದು ಮಂಜಪ್ಪ ಸೀಟಿ ಊದಿದ. ಬೀದಿಗೆ ಬೀದಿಯೇ ಬಡಿಗೆ, ಒನಕೆ ಹಿಡಿದು ಇಳಿಯಿತು.

ಹೊನ್ನಯ್ಯ ಎದ್ದು ನಿಂತು ಎರಡೂ ಕೈಯೆತ್ತಿ, "ನಾನು ಕಣ್ರೋ, ಹೊನ್ನಯ್ಯ!" ಎಂದು ಕಿರುಚಿದ.

"ಬ್ರೂಂ ಬ್ರೂಂ."

"ಕೇಳಿದ್ರಾ?" ಎಂದ ಮಂಜಪ್ಪ. "ಅಪ್ಪಟ ಜಪಾನಿ ಭಾಷೆ."

ಹೊನ್ನಯ್ಯ ಕೂತು ಮರಳಿನ ಮೇಲೆ ಹೆಸರು ಬರೆದ. ಗವಸಿನ ಬೆರಳು ಬಾಳೆಕಾಯಿಯಷ್ಟು ದಪ್ಪ. ಬರೆದದ್ದು ಕೋಳಿ ಕೆದರಿದಂತಾಯಿತು.

"ಬರವಣಿಗೇನೂ ಜಪಾನೀದೇ," ಎಂದು ಮಂಜಪ್ಪ ತೀರ್ಪು ಕೊಟ್ಟ. ಬಟ್ಟೆ ಒಣಗಿಸುವ ಹಗ್ಗ ತಂದು ಅವನನ್ನು ಅತ್ತಿಮರಕ್ಕೆ ಬಿಗಿದರು.

ಕಟ್ಟುವ ಮುಂಚೆ ಮುಖವಾಡ ಕಿತ್ತೆಸೆದಿದ್ದರೆ ಮುಗಿಯುತ್ತಿತ್ತು. ಹೊನ್ನಯ್ಯನ ಕೈ ಪಟ್ಟಿಯವರೆಗೆ ಹೋಗಿಯೂ ಇತ್ತು. ಆದರೆ ಮುದ್ರೆ ಒಡೆದರೆ ನಾಳೆ ಮತ್ತೆ ಅದೇ ಹಬೆ, ಅದೇ ಪೆಟ್ಟಿಗೆ, ಅದೇ ಹೊಳೆ. ಇಷ್ಟು ಬೆಂದವನು ಇನ್ನಷ್ಟು ಬೇಯಲಾರನೇ ಎಂದು ಕೈ ಇಳಿಸಿದ. ಪುಟ್ಟಲಕ್ಷ್ಮಿ ಬಡಿಸುವ ಬಿಸಿ ಅನ್ನ ಕಣ್ಮುಂದೆ ಬಂತು. ಬಿಸಿ ಎಂದದ್ದೇ ಅದನ್ನು ಮೊಸರನ್ನಕ್ಕೆ ಬದಲಾಯಿಸಿಕೊಂಡ.

"ಆ ಮುಖ ಕಿತ್ತು ನೋಡೋಣ ಮಂಜಪ್ಪಣ್ಣ," ಎಂದಳು ಮಾಸ್ತಮ್ಮ.

"ಮುಟ್ಟಬೇಡ! ಒಳಗೆ ವಿಷದ ಗ್ಯಾಸ್ ತುಂಬ್ಕೊಂಡಿರ್ತಾರೆ. ಬಿಚ್ಚಿದ್ರೆ ಊರಿಗೂರೇ ಫೈಸಲ್ಲು."

"ಹಂಗಾದ್ರೆ ನಮ್ ಮನೆ ಹೊನ್ನಯ್ಯನೋರನ್ನ ಕರ್ಸಿ. ಅವರಿಗೆ ದೊರೆ ಭಾಷೆ ಬರತ್ತೆ. ಜಪಾನಿನೂ ಒಂಚೂರು ಬಂದೀತು."

ಇಬ್ಬರು ಹೊನ್ನಯ್ಯನನ್ನು ಹುಡುಕಲು ಓಡಿದರು. ಕೋಣೆಯಲ್ಲಿಲ್ಲ, ಹೋಟೆಲಿನಲ್ಲಿಲ್ಲ, ಸ್ಟೇಷನ್ನಿನಲ್ಲೂ ಇಲ್ಲ ಎಂದು ಬರಿಗೈಲಿ ಬಂದರು.

"ಬೇಕಾದಾಗ ಆ ಮನುಷ್ಯ ಯಾವತ್ ಸಿಕ್ಕಿದಾನೆ?" ಎಂದ ಮಂಜಪ್ಪ. "ಎಲ್ಲಾದ್ರೂ ಬಿದ್ಕೊಂಡಿರ್ತಾನೆ. ನಡೆಯೋದ್ ನೋಡಿಲ್ವಾ, ನಿದ್ದೇಲಿ ನಡೆದಂಗೆ ನಡೀತಾನೆ."

"ಇಂಗ್ಲೀಷಾದ್ರೂ ಎಷ್ಟ್ ಬರತ್ತೋ," ಎಂದ ಹಿಂದಿನಿಂದ ಒಬ್ಬ. "ಎಸ್ಸಾರು, ಎಸ್ಸಾರು ಅನ್ನೋದು ಬಿಟ್ಟು ಬೇರೆ ಮಾತು ನಾನಂತೂ ಕೇಳಿಲ್ಲ."

"ಹೆಂಡ್ತಿ ಅದಕ್ಕೇ ಇಲ್ಲಿಗ್ ಬರ್ತಾ ಇಲ್ಲ," ಎಂದು ಮಾಸ್ತಮ್ಮ ದನಿ ತಗ್ಗಿಸಿದಳು. "ನಾನ್ ಕೇಳಿದ್ರೆ ಮಾತು ತಿರುಗಿಸ್ತಾರೆ. ಏನೋ ಇದೆ ಬಿಡಿ."

ಮರಕ್ಕೆ ಬಿಗಿದಿದ್ದ ಜಪಾನಿ ಸಿಟ್ಟಿನಿಂದ ಬ್ರೂಂ ಬ್ರೂಂ ಎಂದು ಒದ್ದಾಡಿದ. ಯಾರೋ ಒನಕೆಯಿಂದ ಮೆಲ್ಲಗೆ ತಿವಿದು ಸುಮ್ಮನಾಗಿಸಿದರು.

ಕೊನೆಗೆ ಮಂಜಪ್ಪನೇ ದಾರಿ ಕಂಡುಕೊಂಡ. ಇದ್ದಿಲು ಶೆಡ್ಡಿನಲ್ಲಿ ಮಿಲಿಟರಿ ಸಾಹೇಬರಿದ್ದಾರಲ್ಲ, ಜಪಾನಿಯನ್ನು ಅವರಿಗೇ ಒಪ್ಪಿಸೋಣ. ಒಂದು ಎತ್ತಿನ ಗಾಡಿ ಬಂತು. ಹೊನ್ನಯ್ಯನನ್ನು ಗೊಬ್ಬರದ ಮೂಟೆಯಂತೆ ಎತ್ತಿ ಹಾಕಿ, ಮೇಲೆ ಗೋಣಿ ಹೊದಿಸಿದರು. ಗಾಡಿಯ ಹಿಂದೆ ಊರಿಗೆ ಊರೇ ಹೊರಟಿತು. ಹೊಂಗೆಮರದ ಹವಾಲ್ದಾರ ಗದ್ದಲಕ್ಕೆ ಎಚ್ಚೆತ್ತು, ಹೊನ್ನಯ್ಯ ಎಲ್ಲೂ ಕಾಣದೆ ಗಾಬರಿಯಾಗಿ, ಅವನು ಅಂಗಿಯ ಸಮೇತ ಓಡಿಹೋದನೆಂದು ದೂರು ಹೇಳಲು ಮೊದಲೇ ಶೆಡ್ಡಿಗೆ ಓಡಿದ್ದ.

ಹರಟೆ ಸಾಹೇಬರು ಬಾಗಿಲಿಗೆ ಬಂದರು. ಗೋಣಿ ಸರಿಸಿದರು. ಸುತ್ತಲಿನ ಜನವನ್ನು, ಹಗ್ಗವನ್ನು, ಒನಕೆಯನ್ನು ಗಮನಿಸದೆ ನೇರವಾಗಿ ಬಗ್ಗಿ ಮುದ್ರೆಯನ್ನು ಪರೀಕ್ಷಿಸಿದರು. ಒಂದು ಬಿರುಕೂ ಇರಲಿಲ್ಲ. ಅವರ ಮುಖದಲ್ಲಿ ನಗೆಯಂಥದ್ದೇನೋ ಮೂಡಿತು. ಮುದ್ರೆ ಒಡೆದು ಪಟ್ಟಿ ಬಿಚ್ಚಿದರು.

ಒಳಗಿನಿಂದ ಬೆಂದ ಗೆಣಸಿನಂಥ ಮುಖವೊಂದು ಹೊರಬಂತು.

"ಶಿವ ಶಿವಾ, ಹೊನ್ನಯ್ಯನೋರು!" ಎಂದು ಮಾಸ್ತಮ್ಮ ಎದೆಗೆ ಕೈಯಿಟ್ಟಳು. "ಅಲ್ಲ ಮಾರಾಯ್ರೆ, ಅಷ್ಟೊತ್ತಿಂದ ಅಲ್ಲೇ ಇದ್ರಿ. ಒಂದ್ ಮಾತು ಹೇಳಬಾರ್ದಿತ್ತಾ?"

ಸಾಹೇಬರು ಹಗ್ಗ ಬಿಚ್ಚಿಸಿ ಹೊನ್ನಯ್ಯನನ್ನು ಒಳಗೆ ತಕ್ಕಡಿಯ ಮೇಲೆ ಕೂರಿಸಿದರು.

ಮಂಜಪ್ಪ ಸೀಟಿಯನ್ನು ಮೆಲ್ಲಗೆ ಅಂಗಿಯೊಳಗೆ ಇಳಿಬಿಟ್ಟ. "ಆಗಿದ್ದಾಯ್ತು. ಆದ್ರೂ ನಾವು ಎಚ್ಚರವಾಗಿದ್ವಿ ಅಂತ ಸಾಹೇಬ್ರಿಗೆ ಒಂದ್ ಮಾತು ಹಾಕಿ ಹೊನ್ನಯ್ಯನೋರೆ."

ತೊಯ್ದು ತೊಪ್ಪೆಯಾಗಿ ತಕ್ಕಡಿಯ ಮೇಲೆ ಕೂತೇ ಹೊನ್ನಯ್ಯ ಆ ಮಾತನ್ನೂ ಇಂಗ್ಲೀಷಿಗೆ ತಿರುಗಿಸಿದ. ಸಾಹೇಬರು ತೂಕ ನೋಡಿ ತಲೆದೂಗಿದರು. ಆಮೇಲೆ ಕುರ್ಚಿ ಎಳೆದು ಎದುರಿಗೆ ಕೂತು, ಊರಿಗೆ ಬಂದ ಮೇಲೆ ಮೊದಲ ಬಾರಿಗೆ ಹರಟಿದರು.

"ಹೊನ್ನಯ್ಯ, ನಿನ್ನ ವರ್ಗ ಆಯಿತು. ಶಿವಮೊಗ್ಗಕ್ಕೆ."

ಹೊನ್ನಯ್ಯನ ಕಣ್ಣಿನಲ್ಲಿ ನೀರು ಬಂತು. ಮೈಯಲ್ಲಿ ಅಷ್ಟು ನೀರು ಉಳಿದಿದೆಯೆಂದು ಅವನಿಗೇ ತಿಳಿದಿರಲಿಲ್ಲ. "ಬಹಳ ಉಪಕಾರವಾಯಿತು ಸಾರ್."

"ನಾನೂ ಬರುತ್ತೇನೆ," ಎಂದರು ಸಾಹೇಬರು. "ಈ ಊರಿನ ಜನ ಪರೀಕ್ಷೆ ನಡೆಯಲು ಬಿಡುವುದಿಲ್ಲ. ಪರೀಕ್ಷಾಲಯವನ್ನೇ ಶಿವಮೊಗ್ಗಕ್ಕೆ ಸಾಗಿಸುತ್ತೇನೆ. ಅಲ್ಲಿ ತುಂಗೆಯ ದಡವಿದೆ, ನಡೆಯಲು ಒಳ್ಳೆಯ ಜಾಗ. ಆ ಗರಡಿಯಾಳು ನನಗಿನ್ನು ಬೇಡ. ಸೆಕೆ ತಡೆಯದೆ ದಿನಾ ಮುಖವಾಡ ಕಿತ್ತೆಸೆಯುತ್ತಿದ್ದ. ನಿನ್ನನ್ನು ಬೇಯಿಸಿದರು, ಕಟ್ಟಿದರು, ತಿವಿದರು. ನೀನು ಮುಟ್ಟಲಿಲ್ಲ. ಇನ್ನು ಮೇಲೆ ನೀನೇ ನನ್ನ ಆಳು."

ಹೊನ್ನಯ್ಯ ಕೇಳಿದ, "ಮತ್ತೆ ದುಭಾಷಿ ಕೆಲಸ ಸಾರ್?"

"ಮುಖವಾಡ ಹಾಕಿದವನ ಹತ್ತಿರ ಮಾತಾಡುವುದೇನಿದೆ? ದುಭಾಷಿ ಬೇಕಾಗಿಲ್ಲ."

ಜನ ಬಾಗಿಲಲ್ಲಿ ಮುತ್ತಿಕೊಂಡಿತ್ತು. "ಏನಂದ್ರು? ಏನಂದ್ರು?"

"ಶಿವಮೊಗ್ಗಕ್ಕೆ ವರ್ಗ ಆಯ್ತಂತೆ," ಎಂದ ಹೊನ್ನಯ್ಯ. "ಇದೇ ಅಂಗಿ ಹಾಕ್ಕೊಂಡು ಅಲ್ಲಿ ದಿನಾ ತುಂಗೆ ದಡಕ್ಕೆ ನಡೀಬೇಕಂತೆ."

"ಅಂತೂ ಹೆಂಡ್ತಿ ಮಕ್ಕಳ ಹತ್ರ ಹೋದ್ರಲ್ಲ, ಪುಣ್ಯವಂತ್ರು ಬಿಡಿ!" ಎಂದ ಮಂಜಪ್ಪ.

ಮಾಸ್ತಮ್ಮನಿಗೆ ಮಾಡಿದ ತಪ್ಪಿಗೆ ಏನಾದರೂ ಉಪಕಾರ ಮಾಡಬೇಕೆನ್ನಿಸಿತು. "ನೀವೇನೂ ಯೋಚನೆ ಮಾಡ್ಬೇಡಿ ಹೊನ್ನಯ್ಯನೋರೆ. ಶಿವಮೊಗ್ಗದಲ್ಲಿ ಹೊಳೆ ಹತ್ರಾನೇ ನಮ್ ತಂಗಿ ಕಾಳಮ್ಮನ ಮನೆ. ಇವತ್ತೇ ರೈಲಿಗೆ ಹೋಗೋರ ಕೈಲಿ ಹೇಳಿ ಕಳಿಸ್ತೀನಿ. ಸೊಂಡ್ಲು ಮುಖದೋನು ಬಂದ್ರೆ ಹೊಡೀಬೇಡಿ ಅಂತ ಎಲ್ಲರಿಗೂ ತಿಳಿಸ್ಬಿಡ್ತಾಳೆ."

ಭದ್ರಾವತಿಯಲ್ಲಿ ಮಾಸ್ತಮ್ಮನ ಬಾಯಿಂದ ಹೊರಟ ಮಾತು ಶಿವಮೊಗ್ಗ ಮುಟ್ಟುವಷ್ಟರಲ್ಲಿ ಎಷ್ಟು ಉಳಿದಿರುತ್ತದೆಂಬುದು ಹೊನ್ನಯ್ಯನಿಗೆ ಗೊತ್ತಿತ್ತು. ಸೊಂಡಿಲು ಖಂಡಿತ ತಲುಪುತ್ತದೆ. ಹೊಡೆಯುವುದೂ ತಲುಪುತ್ತದೆ. ಬೇಡ ಎಂಬುದೊಂದು ಮಾತ್ರ ದಾರಿಯಲ್ಲೇ ಎಲ್ಲೋ ಇಳಿದುಹೋಗುತ್ತದೆ.

ಅವನು ತಕ್ಕಡಿಯಿಂದ ಇಳಿಯಲಿಲ್ಲ. ಕುಡಿಯಲು ಒಂದು ಚೊಂಬು ನೀರು ಕೊಡಿ ಎಂದು ಮಾತ್ರ ಕೇಳಿದ.