ಹಗುರವಾದ ಮಳೆಕೋಟು

ನಮ್ಮ ಸೀಮೆಯಲ್ಲಿ ಮಳೆಗೆ ಹೆದರಿ ಏನಾದರೂ ಕೊಂಡವನನ್ನು ಕಂಡರೆ ಜನ ಮೊದಲು ನಗುತ್ತಾರೆ, ಆಮೇಲೆ ಅವನ ಹೆಂಡತಿಗಾಗಿ ಮರುಗುತ್ತಾರೆ. ಚಳ್ಳಕೆರೆಯ ಮಳೆ ಕೆಲವು ನೆಂಟರ ಹಾಗೆ. ಬರುತ್ತೇನೆಂದು ಹೇಳಿ ಕಳಿಸುತ್ತದೆ, ಬರುವುದಿಲ್ಲ. ಬಾರದ ನೆಂಟನಿಗೆ ಹಾಸಿಗೆ ಹಾಸಿ ಕಾಯುವವನು ಪೆದ್ದನೇ ಸರಿ. ಆ ಪೆದ್ದ ನಾನೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆದರೆ ನನ್ನ ಪಾಡನ್ನೂ ಸ್ವಲ್ಪ ಕೇಳಿ. ನಾನು ಸಿಡುಬು ಬಾರದಂತೆ ಮಕ್ಕಳಿಗೆ ದಾಕು ಹಾಕುವವನು. ಮದ್ದಿನ ಪೆಟ್ಟಿಗೆ, ರಿಜಿಸ್ಟರು, ಬುತ್ತಿ ಹೊತ್ತುಕೊಂಡು ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಗುಡ್ಡಗಳವರೆಗೆ ಹಟ್ಟಿಯಿಂದ ಹಟ್ಟಿಗೆ ನಡೆಯುವುದು ನನ್ನ ಉದ್ಯೋಗ. ತೋಳಿಗೆ ಚುಚ್ಚುವುದು ಗಳಿಗೆಯ ಕೆಲಸ, ಉಳಿದದ್ದೆಲ್ಲ ಕಾಲಿನದು. ಇಂಥವನಿಗೆ ಮಳೆ ಸಿಕ್ಕರೆ ಊರೊಳಗೆ ಸಿಕ್ಕುವುದಿಲ್ಲ. ದೊಡ್ಡಉಳ್ಳಾರ್ತಿಯ ಹುಲ್ಲುಗಾವಲಿನ ನಟ್ಟನಡುವೆ, ಒಂದು ಮರವೂ ಇಲ್ಲದ ಜಾಗ ನೋಡಿಕೊಂಡು ಸಿಕ್ಕುತ್ತದೆ.

ಹನ್ನೆರಡು ವರ್ಷ ನನ್ನ ಹೆಗಲ ಮೇಲಿದ್ದದ್ದು ಒಂದು ಕರಿಕಂಬಳಿ. ಚಳಿಗೆ ಹೊದಿಕೆ, ಕೂರಲು ಹಾಸು, ಮಳೆ ಬಂದರೆ ತಲೆಯ ಮೇಲೆ ಕೊಪ್ಪೆ. ಅದರ ಅವಗುಣ ಒಂದೇ. ನೆನೆದರೆ ಇಡೀ ಕುರಿಯನ್ನೇ ಹೊತ್ತಂತಾಗುತ್ತದೆ, ವಾಸನೆಯೂ ಕುರಿಯದೇ. ನಲವತ್ತು ದಾಟಿದ ಮೇಲೆ ಹೆಗಲು ಗೊಣಗತೊಡಗಿತು. ಮೊದಲು ಛತ್ರಿ ಕೊಂಡೆ. ಕಾವಲಿನ ಗಾಳಿ ಒಂದೇ ಏಟಿಗೆ ಅದನ್ನು ತಿರುಗಾಮುರುಗಾ ಮಾಡಿ ಜಾಲಿಮರಕ್ಕೆ ಸಿಕ್ಕಿಸಿತು. ಕುರಿ ಕಾಯುವವನೊಬ್ಬ ಅದನ್ನು ಕೋಲಿನಿಂದ ಇಳಿಸಿ, "ಸ್ವಾಮೇರೆ, ಈ ಸತ್ತ ಕಾಗೆ ನಿಮ್ದಾ?" ಎಂದು ತಂದುಕೊಟ್ಟ. ಆಮೇಲೆ ಮೇಣಬಟ್ಟೆ. ಅದು ಹಗುರವೇನೋ ನಿಜ, ಆದರೆ ಮಡಿಸಿದ ಕಡೆಯೆಲ್ಲ ಬಿರುಕು ಬಿಟ್ಟು, ಮಳೆ ನಿಂತ ಮೇಲೂ ಬೆನ್ನಿಗೆ ನೀರು ಬಿಡುತ್ತಿತ್ತು.

ಒಂದು ವರ್ಷ ಚಳ್ಳಕೆರೆ ಸಂತೆಯಲ್ಲಿ ಹಳೆಯ ಸಾಮಾನು ಮಾರುವ ಸಾಬರೊಬ್ಬರು ಕಪ್ಪು ರಬ್ಬರು ಕೋಟೊಂದನ್ನು ಎತ್ತಿ ತೋರಿಸಿದರು. "ಬಳ್ಳಾರಿ ದಂಡಿನ ಮಾಲು ಸ್ವಾಮಿ. ಏಕ್‌ದಂ ಹಲ್ಕಾ, ಹೂವಿನಷ್ಟು ಹಗುರ. ಒಂದು ಹನಿ ಒಳಗೆ ಬಂದ್ರೆ ನನ್ನ ಕೇಳ್ರಿ." ಮೊಣಕಾಲು ಮುಚ್ಚುವ ಕೋಟು, ತಲೆಗೆ ಮುಖದವರೆಗೂ ಇಳಿಯುವ ಕುಲಾವಿ. ಬಿಸಿಲಿಗೆ ಅಂಟಂಟಾಗುತ್ತಿತ್ತು, ನಡೆದರೆ ಬರಬರ ಸದ್ದು. ಆದರೆ ಮಡಿಸಿದರೆ ಚೀಲದ ಮೂಲೆಯಲ್ಲಿ ಕೂರುತ್ತಿತ್ತು. ನನ್ನವಳಿಗೆ ಹಾಕಿ ತೋರಿಸಿದೆ.

"ಕಂಬಳಿಗೇನು ದಾಡಿಯಾಗಿತ್ತು? ಇದನ್ನ ಹಾಕ್ಕೊಂಡ್ರೆ ನಮ್ಮನೆ ನಾಯೀನೂ ನಿಮ್ಮ ಗುರ್ತು ಹಿಡಿಯಲ್ಲ" ಎಂದಳು.

"ನಾನೇನು ನಾಯಿಗೆ ದಾಕು ಹಾಕೋಕೆ ಹೋಗ್ತೀನಾ?" ಎಂದೆ. ಆಗ ಅದು ನನಗೆ ಬಹಳ ಚತುರವಾದ ಉತ್ತರವೆನಿಸಿತ್ತು.

ಆ ಮಳೆಗಾಲದಲ್ಲಿ ರಾಂಪುರದಲ್ಲಿ ಸಿಡುಬು ಕಾಣಿಸಿತು. ಸುತ್ತಲ ಹಟ್ಟಿಗಳಿಗೆ ಅದು ತಲುಪುವ ಮೊದಲು ನಾನು ತಲುಪಬೇಕಿತ್ತು. ಜಟಿಂಗ ರಾಮೇಶ್ವರ ಬೆಟ್ಟದ ಬುಡದ ಹಟ್ಟಿಯೊಂದರಲ್ಲಿ ಓಬಜ್ಜಿ ಎಂಬ ಮುದುಕಿ ಇದ್ದಳು. ಅವಳಿಗೆ ಇದ್ದದ್ದು ಒಬ್ಬಳೇ ಮೊಮ್ಮಗಳು, ಆರು ವರ್ಷದ ಪಾಪಕ್ಕ. "ಅಮ್ಮ ತಾನಾಗಿ ಬರ್ತಾಳೆ, ತಾನಾಗಿ ಹೋಗ್ತಾಳೆ. ಚುಚ್ಚಿ ಆಯಮ್ಮನ್ನ ಕೆಣಕಬಾರ್ದು" ಎಂದು ಓಬಜ್ಜಿ ಮೂರು ವರ್ಷ ಹಟ ಹಿಡಿದಿದ್ದಳು. ಹೋದಾಗಲೆಲ್ಲ ಅವಳ ಜಗಲಿಯ ಮೇಲೆ ಕಂಬಳಿ ಹಾಸಿ ಕೂರುತ್ತಿದ್ದೆ. ಅವಳು ಒಂದು ಕಡೆ ಕೂತು ಎಲೆಯಡಿಕೆ ಕುಟ್ಟುವಳು, ಪಾಪಕ್ಕ ಇನ್ನೊಂದು ತುದಿಯಲ್ಲಿ ಕೂತು ಕಂಬಳಿಯ ಉಣ್ಣೆ ಕೀಳುವಳು. ನನ್ನ ಕಂಬಳಿಯ ಆ ಮೂಲೆ ಪೂರ್ತಿ ಬೋಳಾಗಿತ್ತು. ಕೊನೆಗೆ ಮುದುಕಿಯ ಮನಸ್ಸು ಕರಗಿ, "ಮುಂದಿನ ಸಲ ಬರ್ರಿ, ಹಾಕಿಸ್ತೀನಿ" ಎಂದಿದ್ದಳು. ಆ ಮುಂದಿನ ಸಲ ಈಗ ಬಂದಿತ್ತು.

ಹೊರಟ ದಿನವೇ ಮಳೆ ಹಿಡಿಯಿತು. ಕೋಟು ತೊಟ್ಟೆ. ಕಂಬಳಿ ಮನೆಯಲ್ಲೇ ಉಳಿದಿತ್ತು. ದಾರಿಯುದ್ದಕ್ಕೂ ಒಂದು ಹನಿಯೂ ಒಳಗೆ ಬರಲಿಲ್ಲ. ಸಾಬರನ್ನು ಮನಸ್ಸಿನಲ್ಲೇ ಹೊಗಳುತ್ತ, ಇಪ್ಪತ್ತರ ಹುಡುಗನಂತೆ ಹೆಜ್ಜೆ ಹಾಕಿದೆ. ಹಟ್ಟಿ ಇನ್ನೂ ಕೂಗಳತೆಯಲ್ಲಿರುವಾಗಲೇ ಯಾರೋ ಅರಚಿದರು. "ಮನೆ ಬಿಡ್ಸೋರು ಬಂದ್ರು! ಮಕ್ಕಳ್ನ ಎತ್ಕೊಳ್ರಲೇ!" ಪ್ಲೇಗಿನ ವರ್ಷ ಇಂಥದೇ ಕರಿಕೋಟಿನವರು ಯಾರೋ ಬಂದು, ಸೂರು ಕಿತ್ತು, ಜ್ವರ ಬಂದವರನ್ನು ಊರಾಚೆಯ ಗುಡಿಸಲುಗಳಿಗೆ ಸಾಗಿಸಿದ್ದರಂತೆ. ಹೋದವರಲ್ಲಿ ಹೆಚ್ಚಿನವರು ತಿರುಗಿ ಬರಲಿಲ್ಲವಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. "ನಾನು ಕಣ್ರಪ್ಪಾ, ದಾಕಿನವನು!" ಎಂದು ಕೂಗಿದೆ. ಕುಲಾವಿಯೊಳಗಿಂದ ಹೊರಟ ಆ ದನಿ ನನಗೇ ನನ್ನದೆನಿಸಲಿಲ್ಲ. ಕುಲಾವಿಯನ್ನು ಹಿಂದಕ್ಕೆ ಸರಿಸಿ ಮುಖ ತೋರಿಸಬಹುದಿತ್ತು. ತಲೆ ನೆನೆಯುತ್ತದೆಂದು ಸರಿಸಲಿಲ್ಲ.

ನಾನು ತಲುಪುವಷ್ಟರಲ್ಲಿ ಹಟ್ಟಿ ಖಾಲಿ. ಜನವೆಲ್ಲ ಮಳೆಯಲ್ಲೇ ಗುಡ್ಡ ಹತ್ತಿ ಬಂಡೆಗಳ ಸಂದಿ ಸೇರಿದ್ದರು. ಓಬಜ್ಜಿಯ ಒಲೆಯ ಮೇಲೆ ಮುದ್ದೆಗೆ ಇಟ್ಟ ಎಸರು ಕುದಿಯುತ್ತಿತ್ತು. ಸಂಜೆಯವರೆಗೂ ಕೋಟು ತೊಟ್ಟೇ ಅವಳ ಜಗಲಿಯಲ್ಲಿ ಕಾದೆ, ಒಬ್ಬರೂ ಇಳಿದು ಬರಲಿಲ್ಲ. ಬೇರೆ ಹಟ್ಟಿಗಳು ಕಾಯುತ್ತಿದ್ದವು. ರಿಜಿಸ್ಟರಿನಲ್ಲಿ 'ಮಕ್ಕಳು ಹಾಜರಿರಲಿಲ್ಲ' ಎಂದು ಬರೆದು ಹೊರಟೆ. ಹಾಳೆ ಒಂದಿಷ್ಟೂ ನೆನೆದಿರಲಿಲ್ಲ, ಅಕ್ಷರ ದುಂಡಗೆ ಬಂದವು.

ಒಂದು ತಿಂಗಳಾದ ಮೇಲೆ ಮತ್ತೆ ಹೋದೆ. ಅಂದು ಬಿಸಿಲಿತ್ತು, ಕೋಟು ಚೀಲದೊಳಗಿತ್ತು. ಓಬಜ್ಜಿ ಜಗಲಿಯಲ್ಲಿ ಒಬ್ಬಳೇ ಕೂತಿದ್ದಳು. ನಾನು ಕೇಳುವ ಮೊದಲೇ ಹೇಳಿದಳು.

"ಪಾಪಕ್ಕನ್ನ ಅಮ್ಮ ಕರ್ಕೊಂಡು ಹೋದ್ಳಪ್ಪ. ಒಂಬತ್ತು ದಿನ ನರಳ್ತು ಕೂಸು." ಎಲೆಯಡಿಕೆ ಕುಟ್ಟುತ್ತ ಮತ್ತೆ ಅಂದಳು. "ಆವತ್ತು ಮಳೆಯಾಗೆ ಮನೆ ಬಿಡ್ಸೋನೊಬ್ಬ ಬಂದಿದ್ದ. ಕೂಸನ್ನ ಎತ್ಕೊಂಡು ಗುಡ್ಡ ಹತ್ತಿದೆ. ಆ ಮೂಳನ ಬದ್ಲು ನೀವು ಬಂದಿದ್ರೆ ಹಾಕಿಸ್ತಿದ್ನಲ್ಲ. ಯಾಕ್ರಿ ಬರ್ಲಿಲ್ಲ?"

"ಮಳೆ ಇತ್ತಲ್ಲಜ್ಜಿ" ಎಂದೆ.

"ಹೂನಪ್ಪ, ಭಾಳ ಮಳೆ. ನೀವಾದ್ರೂ ಹೆಂಗೆ ಬರ್ತೀರಿ?" ಎಂದು ನನ್ನನ್ನೇ ಸಮಾಧಾನ ಮಾಡಿದಳು. ಆಮೇಲೆ ನನ್ನ ಬರಿಯ ಹೆಗಲು ನೋಡಿ, "ಕಂಬಳಿ ಎಲ್ಲೈತೆ? ಬರೀ ನೆಲದ ಮ್ಯಾಲೆ ಕೂರ್ತೀರಾ?" ಎಂದು ಒಳಗಿನಿಂದ ತನ್ನ ಕಂಬಳಿ ತಂದು ಹಾಸಿದಳು. ಅದರ ನಾಲ್ಕು ಮೂಲೆಗಳಲ್ಲೂ ಉಣ್ಣೆ ಇನ್ನೂ ಇತ್ತು. ನನಗೆ ಅದರ ಮೇಲೆ ಕೂರಲಾಗಲಿಲ್ಲ. ಕೂರದೆ ಇರಲೂ ಆಗಲಿಲ್ಲ, ಕೂತೆ.

ತಿರುಗಿ ಬರುವಾಗ ಕಾವಲಿನಲ್ಲಿ ಮಳೆ ಹಿಡಿಯಿತು. ಚೀಲ ಬಿಚ್ಚಲಿಲ್ಲ. ತೊಪ್ಪೆಯಾಗಿ ಮನೆ ಸೇರಿದಾಗ ನನ್ನವಳು ಬಾಗಿಲಲ್ಲೇ ತಡೆದಳು. "ಅಷ್ಟು ಚೆಂದದ ಕೋಟಿದ್ದೂ ಹಿಂಗೆ ನೆನೆದು ಬಂದ್ರಲ್ಲ?"

"ಸೋರ್ತೈತೆ ಕಣೆ" ಎಂದೆ.

"ನಾನು ಮೊದಲೇ ಹೇಳ್ಲಿಲ್ವಾ?" ಎಂದು ಗೆದ್ದವಳಂತೆ ನಕ್ಕು, ಒರೆಸಿಕೊಳ್ಳಲು ಬಟ್ಟೆ ತರಲು ಒಳಗೆ ಹೋದಳು. ಪಾಪ, ಕೋಟಿನ ಮೇಲೆ ಸುಳ್ಳು ಹೊರಿಸಿದೆ. ಅದು ಒಂದು ಹನಿಯನ್ನೂ ಒಳಗೆ ಬಿಟ್ಟಿರಲಿಲ್ಲ.