ಹೆಂಡತಿಯ ಫೋಟೊ ಕಾಣದ ಮೇಲ್

ಉಪಕಾರ ಮಾಡುವುದರಲ್ಲಿ ನಮ್ಮ ರಾಯಚೂರು ಸೀಮೆಯವರದು ಎತ್ತಿದ ಕೈ. ಆದರೆ ಉಪಕಾರ ಮಾಡಿಸಿಕೊಂಡವನು ಬಾಯಿ ಬಿಟ್ಟು ಧನ್ಯವಾದ ಎಂದನೋ, ಕೆಲಸ ಕೆಟ್ಟಿತು. ಎದುರಿನವರು ಮುಖ ಗಂಟಿಕ್ಕಿಕೊಂಡು "ನಾವೇನ್ ಹೊರಗಿನವ್ರೇನ್ರೀ?" ಎನ್ನುತ್ತಾರೆ. ಹೀಗಾಗಿ ನಾವು ಧನ್ಯವಾದವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬದುಕುತ್ತೇವೆ. ಇಡೀ ಕುಟುಂಬದ ಹೆಸರಿನಲ್ಲಿ ಕೃತಜ್ಞತೆ ಅರ್ಪಿಸುವ ಪದ್ಧತಿ ನಮ್ಮಲ್ಲಿ ಒಂದೇ ಸಂದರ್ಭಕ್ಕೆ ಇದೆ. ಮನೆಯಲ್ಲಿ ಯಾರಾದರೂ ತೀರಿಕೊಂಡು, ಕಾರ್ಯಗಳೆಲ್ಲ ಮುಗಿದ ಮೇಲೆ, ಪೇಪರಿನಲ್ಲಿ ಹೋದವರ ಫೋಟೊ ಹಾಕಿಸಿ ಅದರ ಕೆಳಗೆ ನಾಲ್ಕು ಸಾಲು ಅಚ್ಚು ಮಾಡಿಸುತ್ತಾರೆ. ಈ ಸಂಗತಿ ನನಗೆ ಗೊತ್ತಿರಲಿಲ್ಲವೆಂದಲ್ಲ, ಸಮಯಕ್ಕೆ ಹೊಳೆಯಲಿಲ್ಲ. ನನಗೆ ಯಾವುದೂ ಸಮಯಕ್ಕೆ ಹೊಳೆಯುವುದಿಲ್ಲವೆಂದು ನನ್ನ ಹೆಂಡತಿ ಶಿವಲೀಲಾ ಮದುವೆಯಾದ ಹೊಸತರಲ್ಲೇ ಕಂಡುಕೊಂಡಿದ್ದಾಳೆ.

ಆ ಶಿವಲೀಲಾಗೇ ಹೋದ ಬೇಸಿಗೆಯಲ್ಲಿ ಹೊಟ್ಟೆಯ ದೊಡ್ಡ ಆಪರೇಷನ್ ಆಯಿತು. ರಕ್ತ ಬೇಕೆಂದು ಡಾಕ್ಟರು ಹೇಳಿದ್ದೇ ತಡ, ಮಾನ್ವಿಯಿಂದ ಮಹಬೂಬ್ ಸಾಹೇಬರು ಕಾರು ಹೊರಡಿಸಿಕೊಂಡು ಬಂದರು. ಇವರು ಹಿಂದೆ ನಮ್ಮ ಕಾಲೇಜಿನ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವರು. ತಮ್ಮ ರಕ್ತ ಕೊಟ್ಟದ್ದು ಸಾಲದೆಂದು ಜೊತೆಗೆ ಬಂದಿದ್ದ ಅಳಿಯನನ್ನೂ ಮಂಚದ ಮೇಲೆ ಮಲಗಿಸಿದರು. ದೇವದುರ್ಗದಿಂದ ನನ್ನ ದೊಡ್ಡಪ್ಪನ ಮಗಳು ಗೌರಕ್ಕ ಬಂದು ನಿಂತಳು. ಆಸ್ಪತ್ರೆಯ ಇಡ್ಲಿಯನ್ನು ಒಂದೇ ನೋಟದಲ್ಲಿ ತಿರಸ್ಕರಿಸಿ ನಮ್ಮ ಅಡುಗೆಮನೆ ಹಿಡಿದವಳು, ಶಿವಲೀಲಾ ಎದ್ದು ಓಡಾಡುವವರೆಗೆ ಬಿಡಲಿಲ್ಲ. ಆ ದಿನಗಳಲ್ಲಿ ಆಸ್ಪತ್ರೆಯ ವರಾಂಡದಲ್ಲಿ ನಾನು ಒಬ್ಬನೇ ಕೂತ ನೆನಪೇ ಇಲ್ಲ. ಯಾರಾದರೊಬ್ಬರು ಪಕ್ಕದಲ್ಲಿರುತ್ತಿದ್ದರು, ಚಹಾ ತಂದು ಕೈಗಿಡುತ್ತಿದ್ದರು. ಹೆಂಡತಿ ಉಳಿದಳು. ಇಂಥವರಿಗೆ ಒಂದು ಮಾತೂ ಹೇಳದೆ ಇರುವುದು ಹೇಗೆ?

ಬಾಯಲ್ಲಿ ಹೇಳಿದರೆ ಬೈಸಿಕೊಳ್ಳುತ್ತೇನೆ. ವಾಟ್ಸಾಪಿಗೆ ಹಾಕಿದರೆ ಶುಭೋದಯದ ಗುಲಾಬಿಗಳ ನಡುವೆ ಹೂತುಹೋಗುತ್ತದೆ. ಮೇಲ್ ಕಳಿಸುವುದೇ ಮರ್ಯಾದೆ ಎಂದು ತೀರ್ಮಾನಿಸಿದೆ. ಇದಕ್ಕೆ ಇನ್ನೊಂದು ಕಾರಣವೂ ಇತ್ತು, ಮುಚ್ಚಿಡುವುದೇಕೆ? ಕಾಲೇಜಿನ ಪರೀಕ್ಷಾ ಸೂಚನೆಗಳನ್ನು ಕಳಿಸಲೆಂದು ನಾನು ವಿಡಿಯೊ ನೋಡಿ ನೋಡಿ ಸ್ಕ್ರಿಪ್ಟ್ ಬರೆಯುವುದನ್ನು ಕಲಿತಿದ್ದೆ. ಸ್ಕ್ರಿಪ್ಟ್ ಎಂದರೆ ನಾಟಕದ್ದಲ್ಲ. ಕಂಪ್ಯೂಟರಿಗೆ 'ಮೊದಲು ಇದು ಮಾಡು, ಆಮೇಲೆ ಅದು ಮಾಡು' ಎಂದು ಬರೆದುಕೊಡುವ ಸಾಲುಗಳು. ನಮ್ಮ ಮನೆಯಲ್ಲಿ ನಾನು ಹೇಳಿದ್ದನ್ನು ಹೇಳಿದಂತೆ ಮಾಡುವುದು ಅದೊಂದೇ ಆದ್ದರಿಂದ ಅದರ ಮೇಲೆ ನನಗೆ ವಿಶೇಷ ಪ್ರೀತಿ. ಒಂದು ಗುಂಡಿ ಒತ್ತಿದರೆ ಸಾಕು, ಪ್ರತಿಯೊಬ್ಬರಿಗೂ ಅವರವರ ಹೆಸರು ಹಿಡಿದು ಬೇರೆ ಬೇರೆ ಮೇಲ್ ಹೋಗುತ್ತದೆ.

ಆಪರೇಷನ್ ಆದ ಮೇಲೆ ಶಿವಲೀಲಾ ಮೊದಲ ಸಲ ಅಂಗಳದಲ್ಲಿ ಕೂತು ಜೋಳದ ರೊಟ್ಟಿ ತಿಂದ ದಿನ ನಾನೊಂದು ಫೋಟೊ ತೆಗೆದಿದ್ದೆ. ಬಾಯಿ ತುಂಬ ರೊಟ್ಟಿ, ಕಣ್ಣು ತುಂಬ ನಗು. ಅದು ಮೇಲ್‌ನ ಕೊನೆಗೆ ಬಾಲದಂತೆ ಅಂಟಿಕೊಳ್ಳದೆ, ತೆರೆದ ಕೂಡಲೇ ಪತ್ರದ ನಡುವೆ ಎದ್ದು ಕಾಣಬೇಕೆಂದು ನನ್ನ ಆಸೆ. ಸುತ್ತಲೂ ದಪ್ಪನೆಯ ಕಪ್ಪು ಚೌಕಟ್ಟು ಹಾಕಿದೆ. ಕೆಳಗೆ 'ನಮ್ಮ ಕುಟುಂಬದ ಕಷ್ಟಕಾಲದಲ್ಲಿ ಜೊತೆಗೆ ನಿಂತ ತಮಗೆ ನಾವು ಚಿರಋಣಿಗಳು' ಎಂದು ಬರೆದೆ. ಆರಾಮಾಗಿದ್ದಾಳೆ ಎಂದು ಬೇರೆ ಬರೆಯಲಿಲ್ಲ, ಅದನ್ನು ಫೋಟೊವೇ ಹೇಳುತ್ತದಲ್ಲ! ಕಳಿಸುವ ಮುಂಚೆ ನನ್ನ ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ಫೋಟೊ ಪತ್ರದ ನಡುವೆ ಚೆಂದವಾಗಿ ಕೂತಿತ್ತು. ಶನಿವಾರ ಮಧ್ಯಾಹ್ನ ಗುಂಡಿ ಒತ್ತಿದೆ. ಸಂಜೆಯವರೆಗೆ ಯಾರಿಂದಲೂ ಒಂದು ಫೋನ್ ಬರಲಿಲ್ಲ. ಓದಿ ಎಲ್ಲರ ಕಣ್ಣಲ್ಲೂ ನೀರು ಬಂದಿರಬೇಕು ಎಂದುಕೊಂಡೆ. ಆ ಊಹೆ ಪೂರ್ತಿ ಸರಿಯಾಗಿತ್ತು.

ಭಾನುವಾರ ಬೆಳಿಗ್ಗೆ ಶಿವಲೀಲಾ ಸ್ನಾನಕ್ಕೆ ಹೋಗಿದ್ದಳು. ನಾನು ಅಂಗಳದಲ್ಲಿ ಪೇಪರ್ ಓದುತ್ತಿದ್ದೆ. ಗೇಟು ದಡಾರೆಂದು ತೆರೆದು ಗೌರಕ್ಕ ಬಂದಳು. ಹಿಂದೆಯೇ ಅವಳ ಮಗ, ಅವನ ಕೈಯಲ್ಲಿ ಫೋನು.

"ಲೇ ಬಸ್ಯಾ, ಮಣ್ಣಿಗೂ ಕರೀಲಿಲ್ಲಲ್ಲೋ! ನಾ ಅಷ್ಟು ಬ್ಯಾಡಾಗಿದ್ನೇನೋ ನಿನಗ? ಎಲ್ಲಾ ಮುಗಿಸಿಕೊಂಡು ಈಗ ಫೋನಿನ್ಯಾಗ ಕಾಗದ ಕಳಸ್ತೀ?"

"ಯಾರಕ್ಕಾ? ಯಾರ ಮಣ್ಣು?"

"ಯಾರಂತ ನನ್ನ ಕೇಳ್ತೀ?" ಎಂದು ಕೈಚೀಲದಿಂದಲೇ ನನ್ನ ಬೆನ್ನಿಗೆ ಬಾರಿಸಿದಳು.

ಅಷ್ಟರಲ್ಲಿ ಮಹಬೂಬ್ ಸಾಹೇಬರ ಕಾರು ಬಂತು. ಅವರು ತಲೆ ತಗ್ಗಿಸಿಕೊಂಡು ಬಂದು ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡರು. "ಸಬರ್ ಮಾಡ್ರಿ ಸರ, ಧೈರ್ಯ ತಗೋರಿ. ಫೋನ್ ಮಾಡೋಣ ಅಂದ್ರ ಏನಂತ ಕೇಳ್ಲಿ? ಬಾಯೇ ಬರ್ಲಿಲ್ಲ" ಎಂದು ಬಿಕ್ಕಿದರು. ಅಷ್ಟು ದೊಡ್ಡ ಮನುಷ್ಯ ಹೆಗಲ ಮೇಲೆ ತಲೆಯಿಟ್ಟು ಅಳುವಾಗ ಸುಮ್ಮನೆ ನಿಲ್ಲುವುದು ಸರಿಯಲ್ಲ. ಸತ್ತವರು ಯಾರೆಂದು ತಿಳಿಯದಿದ್ದರೂ ನಾನೂ ಅತ್ತೆ. ಗೌರಕ್ಕನೂ ಜಗಳ ನಿಲ್ಲಿಸಿ ಅಳತೊಡಗಿದಳು.

"ಯಾರ್ ಹೋದ್ರೀ?" ಎಂದು ಶಿವಲೀಲಾ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಾಗಿಲಿಗೆ ಬಂದಳು.

ಅಳು ಅಲ್ಲಿಗೇ ನಿಂತಿತು. ಗೌರಕ್ಕ ಮೆಟ್ಟಿಲ ಮೇಲೆ ಕುಸಿದು ಕೂತವಳು ಎದ್ದು, ಶಿವಲೀಲಾಳ ಕಾಲು, ಕೈ, ಕೆನ್ನೆಯನ್ನೆಲ್ಲ ಮುಟ್ಟಿ ಮುಟ್ಟಿ ನೋಡಿದಳು. "ಅದಾಳ್ರೀ ಸಾಹೇಬ್ರ, ಬೆಚ್ಚಗದಾಳ!" ಎಂದಳು. ಮಹಬೂಬ್ ಸಾಹೇಬರು ಆಕಾಶದ ಕಡೆ ಕೈಯೆತ್ತಿದರು. ಗೌರಕ್ಕನ ಮಗ ಫೋನನ್ನು ನನ್ನ ಮುಖದ ಮುಂದೆ ಹಿಡಿದ. ಮೇಲ್‌ನ ನಡುವೆ ದಪ್ಪ ಕಪ್ಪು ಚೌಕಟ್ಟು ಇತ್ತು. ಅದರೊಳಗೆ ಫೋಟೊ ಇರಲಿಲ್ಲ, 'ಶಿವಲೀಲಾ' ಎಂಬ ಹೆಸರಷ್ಟೇ ಇತ್ತು. ಅದರ ಕೆಳಗೆ ನಾವೆಲ್ಲ ಚಿರಋಣಿಗಳಾಗಿದ್ದೆವು.

ಆದದ್ದು ಇಷ್ಟೇ. ನನ್ನ ಸ್ಕ್ರಿಪ್ಟು ಫೋಟೊವನ್ನು ಕಳಿಸಿರಲೇ ಇಲ್ಲ. ಫೋಟೊ ನನ್ನ ಕಂಪ್ಯೂಟರಿನ ಯಾವ ಮೂಲೆಯಲ್ಲಿದೆ ಎಂಬ ವಿಳಾಸವನ್ನು ಮಾತ್ರ ಕಳಿಸಿತ್ತು. ನನ್ನಲ್ಲಿ ತೆರೆದಾಗ ಪಕ್ಕದಲ್ಲೇ ಇದ್ದ ಫೋಟೊ ಓಡಿಬಂದು ಕೂತಿತು. ಮಾನ್ವಿಯ ಫೋನು ಅದನ್ನು ಮಾನ್ವಿಯಲ್ಲೇ ಹುಡುಕಿತು, ದೇವದುರ್ಗದ್ದು ದೇವದುರ್ಗದಲ್ಲಿ. ಎಲ್ಲಿಂದ ಸಿಗಬೇಕು? ಫೋಟೊ ಕಾಣದಿದ್ದರೆ ಅದರ ಜಾಗದಲ್ಲಿ ಹೆಸರಾದರೂ ಕಾಣಲಿ ಎಂದು ನಾನೇ ಮುಂಜಾಗ್ರತೆ ಮಾಡಿದ್ದೆ. ಇಡೀ ಸ್ಕ್ರಿಪ್ಟಿನಲ್ಲಿ ಹೇಳಿದಂತೆ ಕೆಲಸ ಮಾಡಿದ್ದು ಅದೊಂದೇ ಸಾಲು. ನಿಜಕ್ಕೂ ಫೋಟೊವನ್ನು ಮೇಲ್‌ನ ಒಳಗೇ ಸೇರಿಸಿ, ಅದಕ್ಕೊಂದು ಗುರುತು ಕೊಟ್ಟು, ಪತ್ರದ ನಡುವೆ ಆ ಗುರುತು ಹಿಡಿದು ಕರೆಯಬೇಕಂತೆ.

ಇದನ್ನೆಲ್ಲ ನಾನು ವಿವರಿಸುತ್ತಿದ್ದೆ. ಯಾರೂ ಕೇಳುತ್ತಿರಲಿಲ್ಲ. ಗೌರಕ್ಕ ಆಗಲೇ ಒಲೆ ಹಚ್ಚಿ ರೊಟ್ಟಿ ಬಡಿಯುತ್ತಿದ್ದಳು. ಮಹಬೂಬ್ ಸಾಹೇಬರು ಕೂತಲ್ಲಿಂದಲೇ ಆಗಾಗ ಅಡುಗೆಮನೆಯ ಕಡೆ ಬಗ್ಗಿ, ಶಿವಲೀಲಾ ಕಂಡ ಮೇಲೆ ಮತ್ತೆ ನೆಟ್ಟಗೆ ಕೂಡುತ್ತಿದ್ದರು. ಅವರನ್ನು ನೋಡಿ ನನ್ನ ಎದೆ ತುಂಬಿ ಬಂತು. ಇಂಥ ಜನರನ್ನು ಪಡೆಯಲು ನಾನು ಏನು ಮಾಡಿದ್ದೆನೋ ಗೊತ್ತಿಲ್ಲ. "ಸಾಹೇಬ್ರ, ನಿಮಗ ಹ್ಯಾಂಗ..." ಎಂದು ಶುರು ಮಾಡಿದೆ. "ಸುಮ್ನ ಉಣ್ರಿ ಸರ, ನಾವೇನ್ ಹೊರಗಿನವ್ರೇನು?" ಎಂದುಬಿಟ್ಟರು.

ಎಲ್ಲರೂ ಹೋದ ಮೇಲೆ ಶಿವಲೀಲಾಳ ಬೈಗುಳಕ್ಕೆ ನಾನು ಸಿದ್ಧನಾಗಿ ಕೂತೆ. ಅವಳು ಬೈಯಲಿಲ್ಲ. "ತಾ ಹೋದ ಮ್ಯಾಲ ಯಾರ್ ಬರ್ತಾರ, ಎಷ್ಟು ಅಳ್ತಾರ ಅಂತ ಯಾರಿಗೂ ನೋಡಾಕ ಸಿಗಂಗಿಲ್ರೀ. ನೀವು ನನಗ ತೋರ್ಸಿದ್ರಿ" ಎಂದು ಕಣ್ಣೊರೆಸಿಕೊಂಡಳು. ಆಮೇಲೆ ನಕ್ಕು, "ನಿಮ್ಮ ಹೆಸರ್ಲೆನೂ ಹಂಗ ಒಂದು ಖಾಲಿ ಚೌಕಟ್ಟು ಕಳಸ್ರಿ. ಯಾರ್ ಬರ್ತಾರ ನೋಡೋಣು" ಎಂದಳು.

ಸ್ಕ್ರಿಪ್ಟಿನಲ್ಲಿ ಹೆಸರು ಬದಲಿಸಿ ಇಟ್ಟಿದ್ದೇನೆ. ಗುಂಡಿ ಒತ್ತುವುದೊಂದೇ ಬಾಕಿ, ಆದರೆ ಬೆರಳು ಮುಂದೆ ಹೋಗುತ್ತಿಲ್ಲ. ಯಾರೂ ಬರಲಿಕ್ಕಿಲ್ಲ ಎಂಬ ಭಯವೇನೂ ನನಗಿಲ್ಲ. "ಸರ, ಫೋಟೊ ಬಂದಿಲ್ಲ, ಇನ್ನೊಮ್ಮೆ ಕಳಸ್ರಿ" ಎಂದು ಎಲ್ಲರೂ ಫೋನ್ ಮಾಡಿಬಿಟ್ಟರೆ?