ನಾಲ್ಕು ಲೋಟ, ಒಂದು ತಲೆ

"ಸಿಕ್ಕಿದ ಶಾಂಪೂ ಸುರಿದುಕೊಳ್ಳೋದೆಲ್ಲ ಇವತ್ತಿಗೆ ಮುಗೀತು. ಮೊದಲು ನನ್ನ ಕೂದಲು ಎಂಥದ್ದು ಅಂತ ಪತ್ತೆ ಹಚ್ತೀನಿ, ಆಮೇಲೆ ಅದಕ್ಕೆ ತಕ್ಕ ಆರೈಕೆ!"

ಭಾನುವಾರ ಬೆಳಗ್ಗೆ ಸ್ಯಾಂಪಲ್ ಸಾಹೇಬರು ಹೀಗೆ ಘೋಷಿಸಿದಾಗ ಹೆಂಡತಿ ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಸಾಹೇಬರು ಬಣ್ಣದ ಕಾರ್ಖಾನೆಯಲ್ಲಿ ಪರೀಕ್ಷಕರು. ಪರೀಕ್ಷೆ ಮಾಡದೆ ಮನೆಯ ಹಾಲನ್ನೂ ನಂಬದವರು. ಈ ಘೋಷಣೆಯ ಹಿಂದೆ ಪುಕ್ಕಲುತನ ಅಡಗಿತ್ತು. ಅವರಪ್ಪನಿಗೆ ನಲವತ್ತಕ್ಕೆ ತಲೆ ಪೂರ್ತಿ ಬೋಳಾಗಿತ್ತು. ಇವರಿಗೆ ಬರುವ ತಿಂಗಳು ನಲವತ್ತು.

ಕೂದಲು ನೀರಲ್ಲಿ ತೇಲಿದರೆ ಹಗುರ ಶಾಂಪೂ, ಮುಳುಗಿದರೆ ದಪ್ಪ ಎಣ್ಣೆ ಎಂದು ಎಲ್ಲೋ ಓದಿದ್ದರು. ಬಚ್ಚಲುಮನೆಯ ಬಾಚಣಿಗೆಯಿಂದ ದಿನಕ್ಕೊಂದು ಕೂದಲು ಎಳೆದು, ಕಾರ್ಖಾನೆಯ ಶಿಸ್ತಿನಂತೆ ಎಲ್ಲವನ್ನೂ ಸರಿಯಾಗಿ ಒಂದಂಗುಲಕ್ಕೆ ಕತ್ತರಿಸಿ, ಲೋಟದ ನೀರಿಗೆ ಬಿಟ್ಟು, ಚೀಟಿ ಅಂಟಿಸಿ ಅಡುಗೆಮನೆ ಕಿಟಕಿಯಲ್ಲಿ ಸಾಲಾಗಿ ಇಟ್ಟರು.

ಸೋಮವಾರದ್ದು ತೇಲಿತು. ಹಗುರ ಶಾಂಪೂ ಬಂತು. ಮಂಗಳವಾರದ್ದು ಕಲ್ಲಿನಂತೆ ತಳ ಸೇರಿತು. ಸಾಹೇಬರು ಶಾಂಪೂ ಅತ್ತ ಸರಿಸಿ ಹಣೆಯ ಮೇಲಿನ ಕುಚ್ಚಿಗೆ ಎಣ್ಣೆ ಸುರಿದುಕೊಂಡರು. ಬುಧವಾರದ್ದು ಸುರುಳಿ ಸುತ್ತಿಕೊಂಡಿತ್ತು, ಅದೂ ಕೆಂಚು ಬಣ್ಣ. ಗುರುವಾರದ್ದು ಬೂದು, ರೇಷ್ಮೆಯಷ್ಟು ನಯ!

ಒಂದೇ ತಲೆ ದಿನಕ್ಕೊಂದು ಬಗೆಯ ಕೂದಲು ಬಿಡುತ್ತಿದೆ ಎಂದರೆ ಒಳಗೆ ಏನೋ ಭಯಂಕರವಾದದ್ದು ನಡೆಯುತ್ತಿರಬೇಕು. ಸಾಹೇಬರು ಕೆಲಸದಲ್ಲಿ ಹಸಿರು ಡಬ್ಬಿಗೆ ನೀಲಿ ಎಂದು ಮುದ್ರೆ ಒತ್ತಿದರು. ತಲೆ ಮುಟ್ಟಲೂ ಹೆದರಿ ಊಟದ ಹೊತ್ತಿನಲ್ಲಿ ಕತ್ತು ಅಲ್ಲಾಡಿಸದೆ ಕೂತರು.

"ಕತ್ತು ಹಿಡ್ಕೊಂಡಿದೆಯಾ?" ಅಂದಳು ಹೆಂಡತಿ.

"ಇಲ್ಲ. ನನಗೇನಾದ್ರೂ ಆದ್ರೆ ಮಗಳಿಗೆ ಧೈರ್ಯ ಹೇಳು."

ಹೆಂಡತಿ ತಟ್ಟೆ ಪಕ್ಕಕ್ಕಿಟ್ಟಳು. ಸಾಹೇಬರು ಎಲ್ಲವನ್ನೂ ಒಪ್ಪಿಕೊಂಡು ಲೋಟಗಳನ್ನು ತೋರಿಸಿದರು. ಅವಳು ಒಂದೊಂದನ್ನೇ ಬೆಳಕಿಗೆ ಹಿಡಿದಳು.

"ಸೋಮವಾರದ್ದು ನಂದು. ಮಂಗಳವಾರದ್ದು ನಮ್ಮಮ್ಮಂದು, ಸೀಗೆಕಾಯಿ ಉಜ್ಜಿ ಉಜ್ಜಿ ಒಣಗಿದ ಕೂದಲು ಮುಳುಗದೆ ಇನ್ನೇನು? ಸುರುಳಿಯದು ಮಗಳದು, ಹೋದ ವಾರ ತಾನೇ ಬಣ್ಣ ಹಾಕಿಸ್ಕೊಂಡಳಲ್ಲ."

"ಮತ್ತೆ ಬೂದು?"

"ಬೆಕ್ಕಿಂದು. ಮಗಳು ಅದಕ್ಕೂ ಅದೇ ಬಾಚಣಿಗೇಲಿ ಬಾಚ್ತಾಳೆ. ಕತ್ತರಿಸದೆ ಇಟ್ಟಿದ್ರೆ ಉದ್ದ ನೋಡಿ ಯಾವುದು ಯಾರದ್ದು ಅಂತ ನಿಮಗೇ ಗೊತ್ತಾಗ್ತಿತ್ತು."

ಬೆಕ್ಕಿನ ಕೂದಲಿಗೆ ಅಂಗಡಿಯವನಿಂದ ವಿಶೇಷ ಕ್ರೀಮು ತರಿಸಿ ಬೆಳಗ್ಗೆಯೇ ಕುಚ್ಚಿಗೆ ಹಚ್ಚಿಕೊಂಡಿದ್ದ ಸಾಹೇಬರಿಗೆ ನಾಚಿಕೆಯಾಯಿತು. ಆದರೆ ಅದಕ್ಕಿಂತ ಹೆಚ್ಚಾಗಿ ಹೋದ ಜೀವ ಬಂದಂತಾಯಿತು. ಕುರ್ಚಿಯಲ್ಲಿ ಎದೆ ಸೆಟೆಸಿ ಕೂತರು.

"ನಾಲ್ಕು ದಿನದಲ್ಲಿ ಬಾಚಣಿಗೆಗೆ ನನ್ನದು ಒಂದೂ ಸಿಕ್ಕಿಲ್ಲ, ಗಮನಿಸಿದೆಯಾ? ಒಂದೂ ಉದುರಿಲ್ಲ. ಅಪ್ಪನ ಹಾಗಲ್ಲ ನಾನು. ಬೇಕಾದ್ರೆ ನೀನೇ ಬಾಚಿ ನೋಡು."

ಹೆಂಡತಿ ಅವರ ಹಣೆಯ ಮೇಲಿನ ಕುಚ್ಚನ್ನು ಬಿಟ್ಟು ನಡುನೆತ್ತಿಯಲ್ಲಿ ಬಾಚಣಿಗೆ ಎಳೆದಳು. ಅದು ಎಲ್ಲೂ ತಡೆಯದೆ ಜರ್ರನೆ ಹಿಂದಕ್ಕೆ ಹೋಯಿತು. ಅವಳ ಮುಖದಲ್ಲಿ ನಗುವೂ ಇತ್ತು, ಅಯ್ಯೋ ಅನ್ನುವ ಭಾವವೂ ಇತ್ತು. ಒಳಗಿಂದ ಕೈಗನ್ನಡಿ ತಂದು ಅವರ ತಲೆಯ ಹಿಂದೆ ಹಿಡಿದು, ಎದುರಿನ ಗೋಡೆಗನ್ನಡಿಯತ್ತ ತಿರುಗಿಸಿದಳು.

ಸಾಹೇಬರು ಬಹಳ ಹೊತ್ತು ನೋಡಿದರು. ನಡುವೆ ದೋಸೆಕಲ್ಲಿನಷ್ಟು ಜಾಗ ಫಳಫಳ ಹೊಳೆಯುತ್ತಿತ್ತು.

"ಇದು... ಯಾವಾಗಿಂದ?"

"ಎರಡು ವರ್ಷ ಆಯ್ತು. ನೀವು ಹೆದರ್ಕೋತೀರಿ ಅಂತ ಮನೇಲಿ ಯಾರೂ ಬಾಯಿ ಬಿಟ್ಟಿರಲಿಲ್ಲ."